ಒಳಲೆ ಹಿಡಿದ ಕೈ

ವಿದ್ಯಾರಣ್ಯಪುರಂ, ಮೈಸೂರು
29 ಜುಲೈ 2024

ಅಣ್ಣನಿಗೆ ಜೈ ಭೀಮ್.

ಮೊದಲ ಸಾಲಿನಲ್ಲಿ ಕ್ಷೇಮ ಎಂದು ಬರೆಯಬೇಕು. ಕ್ಷೇಮವೋ ಏನೋ ಗೊತ್ತಿಲ್ಲ, ಅವ್ವ, ನಾನು, ಕೂಸು ಮೂವರೂ ಉಸಿರಾಡುತ್ತಿದ್ದೇವೆ. ಕೂಸನ್ನು ಬುಧವಾರ ಮನೆಗೆ ಕರೆತಂದೆವು. ಹೆಣ್ಣು ಮಗು ಎಂದು ನಿನಗೆ ಯಾರಾದರೂ ಹೇಳಿದರೋ ಇಲ್ಲವೋ.

ನಿನ್ನನ್ನು ಮೈಸೂರಿನಿಂದ ಕಲಬುರಗಿ ಜೈಲಿಗೆ ಸಾಗಿಸಿದರು ಎಂದು ವಕೀಲರಾದ ವಾಗೀಶ ಅವರು ಹೇಳಿದ ದಿನ ಅವ್ವ ಒಲೆ ಹಚ್ಚಲಿಲ್ಲ. ಇಲ್ಲೇ ಇದ್ದಿದ್ದರೆ ವಾರಕ್ಕೊಮ್ಮೆ ಬಂದು ನಿನ್ನ ಮುಖ ನೋಡುತ್ತಿದ್ದಳು. ಅಲ್ಲಿಂದ ನೀನು ಐದು ನಿಮಿಷ ಫೋನು ಮಾಡಿದಾಗಲೆಲ್ಲ ಕೂಸು ನನ್ನ ತೊಡೆಯ ಮೇಲಿರುತ್ತದೆ, ಕೈ ಬಿಡುವಿರುವುದಿಲ್ಲ. ಅವ್ವ ಫೋನು ಹಿಡಿದು ಐದು ನಿಮಿಷವನ್ನೂ ಅತ್ತು ಮುಗಿಸುತ್ತಾಳೆ. ಅದಕ್ಕೇ ಈ ಕಾಗದ. ಅಲ್ಲಿ ಒಡೆದು ಓದಿ ಕೊಡುತ್ತಾರಂತೆ. ಓದಲಿ.

ಎರಡು ತಿಂಗಳು ಮುಂಚೆ ಹುಟ್ಟಿತಲ್ಲ, ಆಗ ಸಾವಿರದ ಮುನ್ನೂರ ಐವತ್ತು ಗ್ರಾಂ ಇತ್ತು. ಮೂವತ್ತಾರು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ, ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿತ್ತು. ಮನೆಗೆ ಬರುವಾಗ ಸಾವಿರದ ಏಳುನೂರ ನಲವತ್ತು. ಎದೆ ಕಚ್ಚಿ ಚೀಪುವಷ್ಟು ಶಕ್ತಿ ಇನ್ನೂ ಇಲ್ಲ. ಎರಡು ಗಂಟೆಗೊಮ್ಮೆ ನಾನು ಹಾಲನ್ನು ಕೈಯಲ್ಲೇ ಹಿಂಡಿ ಬಟ್ಟಲಿಗೆ ತೆಗೆದು ಒಳಲೆಯಲ್ಲಿ ಕುಡಿಸಬೇಕು. ಮೂವತ್ತು ಎಂ.ಎಲ್. ಹಾಲಿಗೆ ಅರ್ಧ ಗಂಟೆ. ಸುರಿಯುವ ಹಾಗಿಲ್ಲ. ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ ಕಾಯಬೇಕು, ಅದೇ ನಾಲಿಗೆ ಚಾಚಿ ಎಳೆದುಕೊಳ್ಳಬೇಕು. ನಾಲ್ಕು ಗುಟುಕಿಗೆ ಸುಸ್ತಾಗಿ ನಿದ್ದೆ ಹೋಗುತ್ತದೆ. ಆಗ ಅಂಗಾಲಿಗೆ ಬೆರಳಲ್ಲಿ ಚಿಮ್ಮಿ ಎಬ್ಬಿಸಬೇಕು.

ಆಸ್ಪತ್ರೆಯಲ್ಲಿ ಮೊದಲ ಸಲ ನನಗೆ ಅದು ಆಗಲಿಲ್ಲ. "ಹೊಡೀದೆ ಎಬ್ಬಿಸೋಕಾಗಲ್ವಾ ಸಿಸ್ಟರ್?" ಎಂದೆ.

"ಇದು ಹೊಡೆಯೋದಲ್ಲ ಕಣಮ್ಮ. ಎಬ್ಬಿಸದೆ ಬುಟ್ರೆ ಹಸ್ಕೊಂಡು ನಿದ್ದೆಯಲ್ಲೇ ಹೋಗ್ಬುಡ್ತದೆ" ಎಂದರು.

ಆಶಾ ಕಾರ್ಯಕರ್ತೆ ಪ್ರೇಮಲೀಲಾ ಅಕ್ಕ ವಾರಕ್ಕೊಮ್ಮೆ ತಕ್ಕಡಿ ತಂದು ತೂಗುತ್ತಾರಂತೆ. ಇನ್ನೊಂದು ಹೊತ್ತಿನ ಹಾಲಿಗೆ ಸಮಯವಾಯಿತು. ಅವತ್ತಿನ ವಿಷಯ ನಾನು ಬರೆಯುವುದಿಲ್ಲ. ನೀನೂ ಬರೆಯಬೇಡ.

ನಿನ್ನ ತಂಗಿ,
ಸಂಘಮಿತ್ರ


ಕಲಬುರಗಿ
9 ಆಗಸ್ಟ್ 2024

ಮಿತ್ರಾ,

ಕಾಗದ ಸಿಕ್ಕಿತು. ಒಡೆದೇ ಕೊಟ್ಟರು. ಒಳಲೆ ಅಂದರೇನು ಎಂದು ಓದಿದ ಸಾಹೇಬರು ನನ್ನನ್ನೇ ಕೇಳಿದರು. ಪುಟ್ಟ ಶಂಖಕ್ಕೆ ಮೂತಿ ಇಟ್ಟ ಹಾಗಿರುತ್ತದೆ ಸಾರ್, ಕೂಸುಗಳಿಗೆ ಹಾಲು ಕುಡಿಸೋದು ಎಂದೆ. ಅವರು ನಕ್ಕರು, ನನಗೆ ನಗು ಬರಲಿಲ್ಲ.

ಇಲ್ಲಿ ಜೋಳದ ರೊಟ್ಟಿ. ಮುದ್ದೆ ತಿಂದವನಿಗೆ ಅದು ಗಂಟಲಲ್ಲಿ ನಿಲ್ಲುತ್ತದೆ. ಮೈಸೂರಿನಿಂದ ಯಾಕೆ ಕಳಿಸಿದರು ಎಂದು ವಾಗೀಶ ಸಾರ್ ನಿಮಗೆ ಹೇಳಿರಲಿಕ್ಕಿಲ್ಲ. ಅಲ್ಲಿ ಒಬ್ಬ ನಿನ್ನ ಬಗ್ಗೆ ಒಂದು ಮಾತು ಆಡಿದ. ಊಟದ ತಟ್ಟೆಯಲ್ಲೇ ಬಾಯಿಗೆ ಬಾರಿಸಿದೆ. ಎರಡು ಹಲ್ಲು ಸಾರಿನಲ್ಲಿ ಬಿದ್ದವು. ಅದಕ್ಕೆ ನಾನೇನೂ ಬೇಜಾರು ಮಾಡಿಕೊಂಡಿಲ್ಲ.

ಬರೆಯಬೇಡ ಎಂದಿದ್ದೀಯ, ಬರೆಯದೆ ಆಗುವುದಿಲ್ಲ. ಜಾಮೀನು ಸಿಗುವುದು ನಿನ್ನ ಹೇಳಿಕೆಯ ಮೇಲೆ ನಿಂತಿದೆ. ಅವತ್ತು ನೀನು ಅಳುತ್ತಾ ಫೋನು ಮಾಡಿದಾಗ ನಾನು ದೇವರಾಜ ಮೊಹಲ್ಲಾದ ಅಂಗಡಿಯಲ್ಲಿ ಗೇಟಿಗೆ ವೆಲ್ಡಿಂಗ್ ಹಾಕುತ್ತಿದ್ದೆ. ಕೈಯಲ್ಲಿದ್ದ ಕಬ್ಬಿಣದ ಪೈಪಿನ ಸಮೇತ ಬೈಕು ಹತ್ತಿದೆ. ಇಲವಾಲದ ನಿಮ್ಮ ಮನೆಗೆ ಬಂದಾಗ ನಿನ್ನ ತುಟಿ ಒಡೆದು ರಕ್ತ ಗಲ್ಲದವರೆಗೆ ಇಳಿದಿತ್ತು. ಏಳು ತಿಂಗಳ ಬಸುರಿ. ನಾನು ಬಾಗಿಲಲ್ಲಿ ನಿಂತಿದ್ದಾಗಲೇ ನಿನ್ನ ಗಂಡ ಶಿವರಾಮು ನಿನ್ನ ಹೊಟ್ಟೆಗೆ ಒದ್ದ. ಕಣ್ಣಾರೆ ನೋಡಿದೆ. ಆಮೇಲೆ ಹೊಡೆದೆ. ಐದು ಏಟು. ತಲೆಬುರುಡೆ ಬಿರುಕು ಬಿಟ್ಟಿತಂತೆ, ಎಡಗಿವಿ ಹೋಯಿತಂತೆ, ಎರಡು ಬೆರಳು ಜಜ್ಜಿಹೋದವಂತೆ. ಆರನೆಯದಕ್ಕೆ ಪಕ್ಕದ ಮನೆಯವರು ಹಿಡಿದುಕೊಂಡರು, ಇಲ್ಲದಿದ್ದರೆ ಅವನು ಅವತ್ತೇ ಹೋಗುತ್ತಿದ್ದ.

ಅವನು ಹೊಟ್ಟೆಗೆ ಒದ್ದ, ಅದಕ್ಕೇ ಕೂಸು ಮುಂಚೆ ಹುಟ್ಟಿತು. ನ್ಯಾಯಾಧೀಶರ ಮುಂದೆ ಇಷ್ಟು ಹೇಳಿದರೆ ಸಾಕು. ನಾನು ತಂಗಿಯ ಜೀವ ಉಳಿಸಲು ಹೊಡೆದೆ ಅಂತ ಆಗುತ್ತದೆ. ವಾಗೀಶ ಸಾರ್ ಬಂದಾಗ ತಡ ಮಾಡಬೇಡ.

ಕೂಸಿನ ತೂಕ ಎಷ್ಟಾಯಿತು ಬರೆ. ಪ್ರತಿ ಕಾಗದದಲ್ಲೂ ಬರೆ.

ಪ್ರಸನ್ನ


ವಿದ್ಯಾರಣ್ಯಪುರಂ
18 ಆಗಸ್ಟ್ 2024

ಅಣ್ಣ,

ತೂಕ ಸಾವಿರದ ಏಳುನೂರ ಮೂವತ್ತೈದು. ಮನೆಗೆ ಬಂದಾಗ ಇದ್ದದ್ದಕ್ಕಿಂತ ಐದು ಗ್ರಾಂ ಕಡಿಮೆ. ಪ್ರೇಮಲೀಲಾ ಅಕ್ಕ ತಕ್ಕಡಿಯ ಮುಳ್ಳನ್ನು ಎರಡು ಸಲ ನೋಡಿದರು. "ಏನ್ ಮಾಡ್ತಿದ್ದೀರವ್ವ ಮನೇಲಿ? ಇಷ್ಟೊತ್ತಿಗೆ ಎರಡು ಕೇಜಿ ಹತ್ರ ಇರ್ಬೇಕಾಗಿತ್ತು" ಎಂದು ಅವ್ವನನ್ನೂ ಸೇರಿಸಿ ಬೈದರು.

ನಿನ್ನ ಕಾಗದ ಬಂದ ದಿನ ನನಗೆ ಹಾಲು ಇಳಿಯಲಿಲ್ಲ. ಎರಡೂ ಎದೆ ಕಲ್ಲಾಗಿ ಕುಳಿತವು. ಹಿಂಡಿ ಹಿಂಡಿ ಬೆರಳಿನ ಗುರುತು ನೀಲಿಗಟ್ಟಿತು, ಬಟ್ಟಲಿನ ತಳ ಮುಚ್ಚುವಷ್ಟೂ ಬರಲಿಲ್ಲ. ಅವ್ವ ಬಿಸಿನೀರಿನ ಬಟ್ಟೆ ಒತ್ತುತ್ತಾ, "ಹಸಾ ಕೂಡ ಹೆದರ್ಕಂಡ್ರೆ ಹಾಲು ಏರಿಸ್ಕತದೆ ಕಣವ್ವ" ಎಂದಳು. ಮೂರು ದಿನ ಹಾಗೇ ಹೋಯಿತು. ಕೂಸು ಅಳುವುದನ್ನೂ ಬಿಟ್ಟಿತ್ತು. ಹಸಿದ ಕೂಸು ಅಳುತ್ತದೆ ಎಂದು ನಾನು ತಿಳಿದಿದ್ದೆ. ತೀರಾ ಹಸಿದರೆ ಅಳುವುದಿಲ್ಲ, ಸುಮ್ಮನೆ ಮಲಗಿರುತ್ತದೆ.

ಈಗ ಅದನ್ನು ಬಟ್ಟೆಯಿಲ್ಲದೆ ನನ್ನ ಎದೆಗೆ ಸೀರೆಯಲ್ಲಿ ಕಟ್ಟಿಕೊಂಡೇ ಇರುತ್ತೇನೆ. ಮೈ ಬಿಸಿಗೆ ಹಾಲೂ ಬರುತ್ತದೆ, ಅದಕ್ಕೂ ಬೆಚ್ಚಗಿರುತ್ತದೆ ಎಂದು ಹೇಳಿಕೊಟ್ಟಿದ್ದಾರೆ. ನಿನ್ನೆಯಿಂದ ಪರವಾಗಿಲ್ಲ.

ಹೇಳಿಕೆಯನ್ನು ಕೂಸು ಎರಡು ಕೆ.ಜಿ. ಆದ ಮೇಲೆ ಕೊಡುತ್ತೇನೆ. ವಾಗೀಶ ಅವರಿಗೂ ಅದನ್ನೇ ಹೇಳಿದ್ದೇನೆ.

ಶಿವರಾಮು ತಲೆಗೆ ಎರಡನೇ ಸಲ ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯಿಂದ ಇಲವಾಲಕ್ಕೆ ಬಂದಿದ್ದಾನಂತೆ. ಅವನ ಅವ್ವ ಕಮಲಮ್ಮ ಫೋನು ಮಾಡಿ ಮೊಮ್ಮಗಳನ್ನು ಒಂದು ಸಲ ನೋಡಬೇಕು ಎಂದು ಅತ್ತರು. ಹಾಲಿನ ಹೊತ್ತಾಯಿತು ಎಂದು ಫೋನು ಇಟ್ಟೆ. ನೀನು ಅಲ್ಲಿಂದ ಏನೂ ಮಾಡಲು ಹೋಗಬೇಡ. ಕೈ ಮುಗಿಯುತ್ತೇನೆ.

ಸಂಘಮಿತ್ರ


ಕಲಬುರಗಿ
27 ಆಗಸ್ಟ್ 2024

ಮಿತ್ರಾ,

ಐದು ಗ್ರಾಂ ಕಡಿಮೆ ಎಂದು ಓದಿದ ಮೇಲೆ ಇಡೀ ದಿನ ಕೂತಲ್ಲಿ ಕೂರಲಾಗಲಿಲ್ಲ.

ನನಗೆ ಅರ್ಥವಾಗುತ್ತದೆ. ನಿನಗೆ ಅವನ ಭಯ. ಅವನು ಊರಿಗೆ ಬಂದಿದ್ದಾನೆ, ಬಾಯಿ ಬಿಟ್ಟರೆ ಏನು ಮಾಡುತ್ತಾನೋ ಎಂದು ಹೇಳಿಕೆಯನ್ನು ಮುಂದಕ್ಕೆ ಹಾಕುತ್ತಿದ್ದೀಯ. ಎದೆಹಾಲು ಬತ್ತಿದ್ದೂ ಅದಕ್ಕೇ. ಎರಡು ವರ್ಷ ಅವನ ಏಟು ತಿಂದು ನಮಗೆ ಹೇಳದೆ ಮುಚ್ಚಿಟ್ಟವಳು ನೀನು, ಈಗಲೂ ಹಾಗೇ ಮಾಡುತ್ತೀಯ.

ನಿನ್ನೆ ಸಿದ್ದರಾಜುಗೆ ಫೋನು ಮಾಡಿದ್ದೆ. ನನ್ನ ಜೊತೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದನಲ್ಲ, ಅವನೇ. ಇಲವಾಲದ ಕಡೆ ಒಂದು ಸಣ್ಣ ರಿಪೇರಿ ಇದೆ, ಹೋಗಿ ನೋಡಿಕೊಂಡು ಬಾ ಎಂದೆ. ಆಯ್ತಣ್ಣ ಎಂದ. ಇನ್ನು ನೀನು ಹೆದರಬೇಕಾಗಿಲ್ಲ. ನೆಮ್ಮದಿಯಾಗಿ ಹಾಲು ಕುಡಿಸು.

ಪ್ರಸನ್ನ


ವಿದ್ಯಾರಣ್ಯಪುರಂ
4 ಸೆಪ್ಟೆಂಬರ್ 2024

ಅಣ್ಣ,

ನಿನ್ನ ಇಪ್ಪತ್ತೇಳರ ಕಾಗದ ನನ್ನ ಕೈ ಸೇರಿದ್ದು ಮೊನ್ನೆ, ಎರಡನೇ ತಾರೀಖು. ಅಷ್ಟರಲ್ಲಿ ನಿನ್ನ ರಿಪೇರಿ ಮುಗಿದು, ಅದರ ಬಿಲ್ಲು ನಮ್ಮ ಮನೆಗೆ ಬಂದಾಗಿತ್ತು.

ಸಿದ್ದರಾಜು ಗುರುವಾರ ಇಲವಾಲಕ್ಕೆ ಹೋಗಿದ್ದಾನೆ. ಶಿವರಾಮು ತಲೆಯ ಡ್ರೆಸಿಂಗಿಗೆ ಆಸ್ಪತ್ರೆಗೆ ಹೋಗಿದ್ದ. ಮನೆಯಲ್ಲಿದ್ದದ್ದು ಕಮಲಮ್ಮ ಒಬ್ಬರೇ. ಮನೆ ಮುಂದೆ ನಿಂತಿದ್ದ ಶಿವರಾಮುವಿನ ಟೆಂಪೋದ ಗಾಜು ಪುಡಿ ಮಾಡಿ ಒಳಗೆ ನುಗ್ಗಿದವನನ್ನು ತಡೆಯಲು ಬಂದ ಅವರನ್ನು ಬಾಗಿಲಿಗೆ ನೂಕಿದ್ದಾನೆ. ಬಲಗೈ ಮಣಿಕಟ್ಟಿನ ಹತ್ತಿರ ಎರಡು ಕಡೆ ಮುರಿದಿದೆ. ಅರವತ್ತೆರಡು ವರ್ಷದ ಹೆಂಗಸು.

ಶನಿವಾರ ಮಧ್ಯಾಹ್ನ ಅವ್ವ ರೇಷನ್ ತರಲು ಹೋಗಿದ್ದಳು. ನಾನು ಬಾಗಿಲ ಬೆಳಕಿಗೆ ಕೂತು ಕೂಸಿಗೆ ಹಾಲು ಕುಡಿಸುತ್ತಿದ್ದೆ. ನೆರಳು ಬಿತ್ತು. ತಲೆಯೆತ್ತಿದರೆ ಶಿವರಾಮು. ತಲೆ ಬೋಳಿಸಿದ್ದಾರೆ, ಹಣೆಯಿಂದ ಕಿವಿಯ ಹಿಂದಿನವರೆಗೆ ಹೊಲಿಗೆ. ಬಾಯಲ್ಲಿ ಹೆಂಡದ ವಾಸನೆ ಇರಲಿಲ್ಲ, ಅದನ್ನೂ ಹೇಳಬೇಕು.

"ನಿಮ್ಮಣ್ಣ ಛೂ ಬುಟ್ಟ ನಾಯಿ ನಮ್ಮವ್ವನ ಕೈ ಮುರ್ದದೆ" ಎಂದ. "ಕೊಡು ನನ್ ಮಗೀನ. ಕೊಲೆಗಡುಕ್ರ ಮನೇಲಿ ಬೆಳೆಯೋದು ಬ್ಯಾಡ."

"ಹಾಲು ಬಾಯಲ್ಲಿ ಅದೆ. ಮುಟ್ಟಬ್ಯಾಡ. ಎರಡು ನಿಮಿಷ ತಡಿ" ಎಂದೆ.

ತಡೆಯಲಿಲ್ಲ. ನನ್ನ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ. ಕಣ್ಣಿಗೆ ಕವಿದ ಕತ್ತಲೆ ಬಿಡುವುದರೊಳಗೆ ಕೂಸು ಅವನ ತೋಳಿನಲ್ಲಿತ್ತು. ಕುತ್ತಿಗೆಗೆ ಆಸರೆಯಿಲ್ಲದೆ ತಲೆ ಹಿಂದಕ್ಕೆ ಜೋತಿತ್ತು. "ನಂಗೇನ್ ಕುಡಿಸೋಕೆ ಬರಲ್ವಾ? ನಾನ್ ಅಪ್ಪ ಅಲ್ವಾ?" ಎನ್ನುತ್ತಾ ಒಳಲೆಯಲ್ಲಿದ್ದ ಹಾಲನ್ನು ಒಂದೇ ಸಲ ಬಾಯಿಗೆ ಸುರಿದ.

ಕೂಸು ಕೆಮ್ಮಲಿಲ್ಲ, ಅಳಲಿಲ್ಲ. ಹಾಲು ಮೂಗಿನಿಂದ ಬಂತು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಕೈಕಾಲು ಜೋಲಿಬಿದ್ದವು. ಶಿವರಾಮು ಕಲ್ಲಿನಂತೆ ನಿಂತುಬಿಟ್ಟ. ಅವನ ತೋಳಿಗೆ ಹಲ್ಲು ನಾಟಿಸಿ ಕೂಸನ್ನು ಕಿತ್ತುಕೊಂಡೆ. ಆಸ್ಪತ್ರೆಯಲ್ಲಿ ಹೇಳಿಕೊಟ್ಟ ಹಾಗೆ ಮುಂಗೈ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಬೆನ್ನಿಗೆ ತಟ್ಟಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಬಾಯಿ ಒರೆಸಿದೆ. ಮತ್ತೆ ಐದು. ಅಣ್ಣ, ನಿನ್ನ ಐದು ಏಟು ಆಗ ನೆನಪಾಯಿತು ಎಂದರೆ ನಂಬುತ್ತೀಯೋ ಇಲ್ಲವೋ. ಮೂರನೇ ಸಲಕ್ಕೆ ಒಂದು ಸಣ್ಣ ಸದ್ದು ಬಂತು, ಬೆಕ್ಕಿನ ಮರಿಯ ಕೂಗಿನಂತೆ. ಆಮೇಲೆ ಅಳು.

ನಾನು ಕುಟ್ಟಾಣಿಯ ಕಲ್ಲಿನಿಂದ ಅವನಿಗೆ ಹೊಡೆದೆ. ಅಕ್ಕಪಕ್ಕದವರು ಬಂದರು. ಪೊಲೀಸಿನವರು ಅವನನ್ನು ಮೊದಲು ಆಸ್ಪತ್ರೆಗೆ, ಆಮೇಲೆ ಠಾಣೆಗೆ ಕರೆದುಕೊಂಡು ಹೋದರು. ಕೂಸನ್ನು ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಎದೆಯ ಫೋಟೊ ತೆಗೆದು, ಹಾಲು ಶ್ವಾಸಕೋಶಕ್ಕೆ ಹೆಚ್ಚು ಹೋಗಿಲ್ಲ ಎಂದರು.

ಇನ್ನೊಂದು ಸಲ ಸಿದ್ದರಾಜುಗೋ ಇನ್ಯಾರಿಗೋ ಫೋನು ಮಾಡಿದೆ ಎಂದು ಗೊತ್ತಾದರೆ ನಾನು ನಿನ್ನ ಕಾಗದ ಒಡೆಯುವುದಿಲ್ಲ.

ತೂಕ ಕೇಳಬೇಡ.

ಸಂಘಮಿತ್ರ


ಕಲಬುರಗಿ
14 ಸೆಪ್ಟೆಂಬರ್ 2024

ಮಿತ್ರಾ,

ನಿನ್ನ ಕಾಗದವನ್ನು ಬ್ಯಾರಕ್ಕಿನಲ್ಲಿ ನಾಲ್ಕು ಜನಕ್ಕೆ ಓದಿ ಹೇಳಿದೆ. ಕುಟ್ಟಾಣಿ ಕಲ್ಲಿನ ಜಾಗ ಬಂದಾಗ ಒಬ್ಬ ತೊಡೆ ತಟ್ಟಿದ. ಬಾಯಲ್ಲಿ ನಾಲಿಗೆಯೇ ಇಲ್ಲದ ಹಾಗೆ ಬೆಳೆದ ಹುಡುಗಿ, ಗಂಡನನ್ನು ಕಂಡರೆ ನಡುಗುತ್ತಿದ್ದವಳು, ಕೊನೆಗೂ ಕೈ ಎತ್ತಿದೆ. ನೀನು ಸಣ್ಣಮಾದಯ್ಯನ ಮಗಳು ಅನ್ನುವುದು ಈಗ ಗೊತ್ತಾಯಿತು. ಅಪ್ಪ ಇದ್ದಿದ್ದರೆ ಹಿಗ್ಗುತ್ತಿದ್ದ.

ಕಮಲಮ್ಮನ ಕೈ ವಿಷಯ ಸಿದ್ದರಾಜುಗೆ ನಾನು ಹೇಳಿದ್ದಲ್ಲ. ಅದು ಆಗಿಹೋಯಿತು.

ಈಗಂತೂ ಕೇಸು ಗಟ್ಟಿಯಾಯಿತು. ಕೂಸಿನ ಮೇಲೂ ಕೈ ಮಾಡಿದವನು ಹೊಟ್ಟೆಗೂ ಒದ್ದಿರುತ್ತಾನೆ ಎಂದು ಯಾರಾದರೂ ನಂಬುತ್ತಾರೆ. ಈ ತಿಂಗಳೊಳಗೆ ಹೇಳಿಕೆ ಕೊಟ್ಟುಬಿಡು. ದೀಪಾವಳಿಗೆ ನಾನು ಮನೆಯಲ್ಲಿರುತ್ತೇನೆ.

ತೂಕ ಕೇಳಬೇಡ ಎಂದಿದ್ದೀಯ. ಆದರೂ ಕೇಳುತ್ತೇನೆ.

ಪ್ರಸನ್ನ


ವಿದ್ಯಾರಣ್ಯಪುರಂ
2 ಅಕ್ಟೋಬರ್ 2024

ಅಣ್ಣ,

ಇದನ್ನು ಯಾರಿಗೂ ಓದಿ ಹೇಳಬೇಡ. ಅಥವಾ ಹೇಳು. ಒಡೆದು ಓದುವವರು ಹೇಗೂ ಮೊದಲು ಓದಿರುತ್ತಾರೆ.

ಹೋದ ಕಾಗದದಲ್ಲಿ ಒಂದು ಮಾತು ಮುಚ್ಚಿಟ್ಟಿದ್ದೆ. ಶಿವರಾಮುವಿಗೆ ನಾನು ಹೊಡೆದದ್ದು ಕೂಸನ್ನು ಬಿಡಿಸಿಕೊಳ್ಳಲು ಅಲ್ಲ. ಕೂಸು ಆಗಲೇ ಅತ್ತಿತ್ತು, ಉಸಿರಾಡುತ್ತಿತ್ತು. ಅದನ್ನು ಚಾಪೆಯ ಮೇಲೆ ಮಲಗಿಸಿ ಹೊದಿಸಿದೆ. ಅವನು ಬಾಗಿಲ ಹತ್ತಿರ ನೆಲಕ್ಕೆ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, "ಸತ್ತೋಯ್ತಾ, ನಾನೇ ಸಾಯಿಸ್ಬುಟ್ನಾ" ಎಂದು ಅಳುತ್ತಿದ್ದ. ನಾನು ಎದ್ದು ಅಡುಗೆಮನೆಗೆ ಹೋಗಿ ಕಲ್ಲು ತಂದೆ. ಹೊಲಿಗೆ ಹಾಕಿದ ಜಾಗ ನೋಡಿಕೊಂಡೇ ಹೊಡೆದೆ. ಹೊಲಿಗೆ ಬಿಚ್ಚಿ ರಕ್ತ ಅವನ ಬೆರಳ ಸಂದಿಯಿಂದ ಬಂತು. ಎರಡನೆಯದಕ್ಕೆ ಎತ್ತಿದಾಗ ಪಕ್ಕದ ಮನೆಯ ರಕ್ಷಿತಾ ಬಂದು ನನ್ನ ಕೈ ಹಿಡಿದಳು. ಇಲ್ಲದಿದ್ದರೆ ನಿಲ್ಲಿಸುತ್ತಿರಲಿಲ್ಲ. ನಿನ್ನ ಬ್ಯಾರಕ್ಕಿನವರು ತೊಡೆ ತಟ್ಟಿದ್ದು ಇದಕ್ಕೆ.

ಅದಾಗಿ ಎರಡು ವಾರಕ್ಕೆ, ಒಂದು ಬೆಳಿಗ್ಗೆ, ಕೂಸು ಹಾಲು ಕುಡಿಯದೆ ನಿದ್ದೆ ಹೋಗುತ್ತಿತ್ತು. ಅಂಗಾಲಿಗೆ ಚಿಮ್ಮಿದೆ. ಏಳಲಿಲ್ಲ. ಮತ್ತೆ ಚಿಮ್ಮಿದೆ. ಹಿಂಡಿದ ಹಾಲು ಆರುತ್ತಿತ್ತು, ನಾನು ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಆಮೇಲೆ ಎಷ್ಟು ಸಲ ಚಿಮ್ಮಿದೆನೋ ಗೊತ್ತಿಲ್ಲ. ಅವ್ವ ಓಡಿ ಬಂದು ಕಿತ್ತುಕೊಂಡಳು. ಹೆಬ್ಬೆರಳಷ್ಟು ಅಗಲದ ಅಂಗಾಲು ಕೆಂಪಗೆ ಊದಿತ್ತು. ಕೂಸು ಕಿರುಚುತ್ತಿತ್ತು, ನನಗೆ ಕೇಳಿಸಿಯೇ ಇರಲಿಲ್ಲ.

"ನಿಮ್ಮಪ್ಪನ ಕೈ ಕಣೆ ಇದು" ಎಂದಳು ಅವ್ವ. ಬೈದದ್ದಲ್ಲ, ಗುರುತು ಹಿಡಿದಂತೆ ಹೇಳಿದಳು. ಅಪ್ಪ ಹಿಗ್ಗುತ್ತಿದ್ದ ಎಂದು ನೀನು ಬರೆದಿದ್ದೀಯಲ್ಲ. ಅಪ್ಪ ಅವ್ವನನ್ನು ಕಂಬಕ್ಕೆ ಒರಗಿಸಿ ಹೊಡೆಯುವಾಗ ನಾವಿಬ್ಬರೂ ಮಂಚದ ಕೆಳಗೆ ಕೂತು ಏಟು ಎಣಿಸುತ್ತಿದ್ದೆವು. ಅದೂ ನೆನಪಿರಬೇಕು ನಿನಗೆ.

ಈಗ ಅವತ್ತಿನ ವಿಷಯ. ಶಿವರಾಮು ನನ್ನ ಹೊಟ್ಟೆಗೆ ಒದೆಯಲಿಲ್ಲ. ಬೆಳಿಗ್ಗೆ ಬಾಯಿಗೆ ಹೊಡೆದಿದ್ದ, ಅದಕ್ಕೇ ನಾನು ಫೋನು ಮಾಡಿದ್ದು. ನೀನು ಬಂದಾಗ ಅವನು ಟಿ.ವಿ. ಮುಂದೆ ಕೂತು ಅನ್ನ ತಿನ್ನುತ್ತಿದ್ದ. ನೀನು ಏನೂ ಕೇಳಲಿಲ್ಲ. ಮೊದಲ ಏಟು ತಲೆಗೆ, ತಟ್ಟೆಯ ಮೇಲೆ ಬಿದ್ದ. ಎರಡನೆಯದು ಅಡ್ಡ ಹಿಡಿದ ಕೈಗೆ. ಮೂರನೆಯದಕ್ಕೆ ನೀನು ಪೈಪು ಎತ್ತಿದಾಗ ನಾನು ನಿನ್ನ ತೋಳಿಗೆ ಜೋತುಬಿದ್ದೆ. ನೀನು ತಿರುಗಿ ನೋಡದೆ ಮೊಣಕೈಯಿಂದ ನೂಕಿದೆ. ಅಡುಗೆ ಕಟ್ಟೆಯ ಕಲ್ಲಿನ ಅಂಚು ಹೊಟ್ಟೆಗೆ ಬಡಿಯಿತು. ಕೆಳಗೆ ಬಿದ್ದೆ, ನೆಲ ಒದ್ದೆಯಾಯಿತು. ಅಣ್ಣಾ ಎಂದು ಕೂಗಿದೆ. ನೀನು ಇನ್ನೂ ಮೂರು ಹೊಡೆದೆ.

ಇದನ್ನು ಅವ್ವನಿಗೆ ಆಸ್ಪತ್ರೆಯಲ್ಲೇ ಹೇಳಿದ್ದೆ. "ಎದೆಯೊಳಗೇ ಮಡಿಕ್ಕೊ. ಒಬ್ಬ ಗಂಡ್ಮಗ, ಅವ್ನೂ ಜೈಲಲ್ಲವ್ನೆ. ಅವ್ನಿಗೆ ಗೊತ್ತಾದ್ರೆ ಉಳಿಯಾಕಿಲ್ಲ" ಎಂದಳು. ನೀನು ಉಳಿಯಬೇಕೆಂದು ಇಷ್ಟು ದಿನ ಮಡಗಿಕೊಂಡಿದ್ದೆ.

ಸೋಮವಾರ ನ್ಯಾಯಾಧೀಶರ ಮುಂದೆ ಹೇಳಿಕೆ ಕೊಟ್ಟೆ. ಎರಡು ವರ್ಷ ಶಿವರಾಮು ವೈರಿನಲ್ಲಿ, ಚಪ್ಪಲಿಯಲ್ಲಿ, ಸೌಟಿನಲ್ಲಿ ಹೊಡೆದದ್ದೆಲ್ಲ ಹೇಳಿದೆ, ಬೆನ್ನಿನ ಗುರುತು ತೋರಿಸಿದೆ. ನಾನು ಅವನಿಗೆ ಹೊಡೆದದ್ದೂ ಹೇಳಿದೆ. ಹೊಟ್ಟೆಗೆ ಒದ್ದನೇ ಎಂದು ಕೇಳಿದರು. ಇಲ್ಲ, ನನ್ನ ಅಣ್ಣ ನೂಕಿದ್ದು ಎಂದೆ. ಬರೆದುಕೊಳ್ಳುತ್ತಿದ್ದವರು ನಿಲ್ಲಿಸಿ, "ಇನ್ನೊಂದ್ಸಲ ಹೇಳಮ್ಮ" ಎಂದರು. ಇನ್ನೊಂದು ಸಲ ಹೇಳಿದೆ.

ಕೂಸು ಎರಡು ಕೆ.ಜಿ. ಇನ್ನೂರು ಗ್ರಾಂ.

ಸಂಘಮಿತ್ರ


ವಿದ್ಯಾರಣ್ಯಪುರಂ
10 ನವೆಂಬರ್ 2024

ಅಣ್ಣ,

ಐದು ವಾರವಾಯಿತು. ಕಾಗದವಿಲ್ಲ, ಫೋನೂ ಇಲ್ಲ. ನಿನ್ನ ಜಾಮೀನು ಅರ್ಜಿ ವಜಾ ಆಯಿತೆಂದು ವಾಗೀಶ ಅವರು ಬಂದು ಹೇಳಿ ಹೋದರು. ನನ್ನ ಮುಖ ನೋಡಲಿಲ್ಲ. ಅವ್ವ ನನ್ನ ಜೊತೆ ಹತ್ತು ದಿನ ಮಾತು ಬಿಟ್ಟಿದ್ದಳು. ಕೂಸಿನ ಬಟ್ಟೆ ಮಾತ್ರ ಒಗೆದು ಹಾಕುತ್ತಿದ್ದಳು.

ಶಿವರಾಮು ನಮ್ಮ ಬೀದಿಗೆ ಕಾಲಿಡಬಾರದೆಂದು ಕೋರ್ಟು ಆಜ್ಞೆ ಮಾಡಿದೆ. ಅವನ ಮೇಲೆ ನನ್ನ ಕೇಸು, ನನ್ನ ಮೇಲೆ ಅವನ ಕೇಸು, ಎರಡೂ ನಡೆಯುತ್ತವೆ. ಕಮಲಮ್ಮನನ್ನು ನೋಡಿ ಬಂದೆ. ಪ್ಲಾಸ್ಟರ್ ಬಿಚ್ಚಿದ್ದಾರೆ, ಮುಷ್ಟಿ ಮುಚ್ಚಲು ಆಗುವುದಿಲ್ಲ.

ಕೂಸು ಈಗ ಎದೆಯಲ್ಲೇ ಕುಡಿಯುತ್ತದೆ. ಮೊದಲ ದಿನ ವಸಡಿನಲ್ಲೇ ಎಷ್ಟು ಗಟ್ಟಿಯಾಗಿ ಕಚ್ಚಿತೆಂದರೆ ರಕ್ತ ಬಂತು. ಪ್ರೇಮಲೀಲಾ ಅಕ್ಕ ನೋಡಿ, "ಬದುಕ್ತೀನಿ ಅಂತ ಹೇಳ್ತಾವ್ಳೆ ಕಣಮ್ಮ, ಕಚ್ಲಿ ಬುಡು" ಎಂದರು.

ಕೋಪವಿದ್ದರೆ ಕೋಪದ ಕಾಗದವನ್ನೇ ಬರೆ.

ಸಂಘಮಿತ್ರ


ಕಲಬುರಗಿ
24 ನವೆಂಬರ್ 2024

ಮಿತ್ರಾ,

ನಿನ್ನ ಅಕ್ಟೋಬರಿನ ಕಾಗದ ಓದಿ ಮುಗಿಸಿದಾಗ ಎದುರಿಗೆ ಒಬ್ಬ ಮುದುಕ ಚಹಾ ಹಿಡಿದು ನಿಂತಿದ್ದ. ಒಳ್ಳೆಯ ಮನುಷ್ಯ, ನಾನು ಬಂದ ದಿನದಿಂದ ನನಗೆ ರೊಟ್ಟಿ ಮುರಿದು ತಿನ್ನಲು ಕಲಿಸಿದವನು. "ಊರಾಗ ಎಲ್ಲಾ ಆರಾಮ ಅದಾರೇನಪಾ" ಎಂದ. ಅವನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದೆ. ಬಿಸಿ ಚಹಾ ಇಬ್ಬರ ಮೈಮೇಲೂ ಬಿತ್ತು. ಅವನ ಕಣ್ಣು ಮೇಲಕ್ಕೆ ಹೋಗುವುದು ನೋಡಿ ಬಿಟ್ಟೆ. ಬಿಡಿಸಲು ಯಾರೂ ಬಂದಿರಲಿಲ್ಲ. ಮೊದಲ ಸಲ ನಾನೇ ಬಿಟ್ಟದ್ದು. ಆಮೇಲೆ ನನ್ನನ್ನು ಒಂಟಿ ಕೋಣೆಗೆ ಹಾಕಿದರು, ಕಾಗದ ಫೋನು ಎಲ್ಲ ನಿಂತಿತು. ಮುದುಕ ಈಗಲೂ ನನ್ನ ಹತ್ತಿರ ಬರುವುದಿಲ್ಲ, ದೂರದಿಂದಲೇ ತಟ್ಟೆ ಜರುಗಿಸುತ್ತಾನೆ.

ನೀನು ನನಗೆ ಹೊಸ ವಿಷಯ ಏನೂ ಬರೆಯಲಿಲ್ಲ. ನನಗೆ ಗೊತ್ತಿತ್ತು.

ನೂಕಿದಾಗ ನಿನ್ನ ಹೊಟ್ಟೆ ನನ್ನ ಮೊಣಕೈಗೆ ತಾಗಿತು. ಗಟ್ಟಿಯಾಗಿ, ಬೆಚ್ಚಗೆ. ನೀನು ಕಟ್ಟೆಗೆ ಬಡಿದ ಸದ್ದೂ ಕೇಳಿಸಿತು. ಅಣ್ಣಾ ಎಂದದ್ದೂ ಕೇಳಿಸಿತು. ತಿರುಗಿ ನೋಡಿದರೆ ಏನಾಗಿದೆ ಎಂದು ಕಾಣಬೇಕಾಗುತ್ತಿತ್ತು. ಅದಕ್ಕೇ ನೋಡದೆ ಇನ್ನೂ ಮೂರು ಹೊಡೆದೆ. ಆ ಮೂರು ಅವನ ಮೇಲಿನ ಕೋಪಕ್ಕಲ್ಲ.

ಠಾಣೆಯಲ್ಲಿ, ಅವನು ಒದ್ದನಾ ಎಂದು ಯಾರೋ ಕೇಳಿದರು. ಹೂಂ ಎಂದೆ. ದಿನಕ್ಕೆ ನೂರು ಸಲ ಅದನ್ನೇ ಹೇಳಿಕೊಂಡ ಮೇಲೆ ಅವನ ಕಾಲು ನನಗೆ ನಿಜವಾಗಿಯೂ ಕಾಣಿಸತೊಡಗಿತು. ನಿನಗೆ ಬರೆದದ್ದು ಒಡೆದು ಓದುವವರು ಓದಲಿ ಎಂದು. ನೀನು ಅದನ್ನು ಅಲ್ಲ ಎಂದು ಬರೆಯದಿದ್ದಾಗ, ಇವಳೂ ಒಪ್ಪಿಕೊಂಡಳು, ಅಂದರೆ ಒದ್ದೇ ಇರಬೇಕು ಎಂದುಕೊಂಡೆ. ತೂಕ ಕೇಳುತ್ತಿದ್ದೆನಲ್ಲ, ಎರಡೂವರೆ ಕೆ.ಜಿ. ಆದರೆ ಎಲ್ಲ ಮಕ್ಕಳ ಹಾಗೆ ಆಗುತ್ತದೆ, ಆಗ ನಾನು ಏನೂ ಮಾಡಿಲ್ಲ ಎಂದಾಗುತ್ತದೆ ಎಂದು ಲೆಕ್ಕ ಹಾಕಿಕೊಂಡಿದ್ದೆ.

ಮೊನ್ನೆ ವಿಡಿಯೊದಲ್ಲಿ ಕೋರ್ಟಿಗೆ ಹಾಜರು ಮಾಡಿದರು. ಒದ್ದ ಎಂದು ನಾನು ಕೊಟ್ಟ ಹೇಳಿಕೆ ಸುಳ್ಳು, ತಂಗಿ ಹೇಳಿದ್ದು ನಿಜ ಎಂದೆ. ಸಿದ್ದರಾಜುವನ್ನು ಕಳಿಸಿದವನು ನಾನೇ ಎಂದೂ ಹೇಳಿದೆ. ವಾಗೀಶ ಸಾರ್ ಪರದೆಯ ಮೇಲೆ ತಲೆ ಚಚ್ಚಿಕೊಳ್ಳುತ್ತಿದ್ದರು. ಇನ್ನು ಬೇಗ ಹೊರಗೆ ಬರುವ ಮಾತಿಲ್ಲ.

ಕ್ಷಮಿಸು ಎಂದು ಬರೆಯಲು ಕೂತು ಎರಡು ಹಾಳೆ ಹರಿದೆ. ಆಗುತ್ತಿಲ್ಲ.

ಪ್ರಸನ್ನ


ವಿದ್ಯಾರಣ್ಯಪುರಂ
6 ಡಿಸೆಂಬರ್ 2024

ಅಣ್ಣ,

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಕೊನೆಯವರೆಗೂ ಕೇಳಿದಳು. ಮೂರು ಏಟಿನ ಸಾಲನ್ನು ಮತ್ತೆ ಓದು ಎಂದಳು. ಓದಿದೆ.

ಅವ್ವ ಹೇಳಿದಳು: "ನಿಮ್ಮಪ್ಪ ಹೊಡೆಯೋವಾಗ ಒಂದ್ಸಲನಾದ್ರೂ ನಾನು ಬೀದಿಗೆ ಬಂದು ಬಾಯಿ ಬಡ್ಕೊಂಡಿದ್ರೆ ಆಗ್ತಿತ್ತು. ಮಕ್ಳು ಹೆದರ್ಕತವೆ ಅಂತ ಸುಮ್ನಾದೆ. ನೀವು ಹೆದರ್ಕಳ್ಳಿಲ್ಲ. ಕಲ್ತ್ಕಂಡ್ರಿ." ಆಮೇಲೆ ನನ್ನ ಕಡೆ ತಿರುಗಿ, "ನಿನ್ನೂ ಬಾಯಿ ಮುಚ್ಸಿದ್ನಲ್ಲವ್ವ ನಾನು" ಎಂದಳು. ಅವ್ವ ನನ್ನ ಹತ್ತಿರ ಅಂಥ ಮಾತು ಆಡಿದ್ದು ಇದೇ ಮೊದಲು.

ನಿನಗೆ ಗೊತ್ತಿತ್ತು ಎಂದು ಓದಿದಾಗ ನನಗೆ ಸಮಾಧಾನವಾಗಲಿಲ್ಲ, ಮೈ ಉರಿಯಿತು. ಗೊತ್ತಿಲ್ಲದವನು ಪಾಪ ಎಂದು ನಾನು ನಾಲ್ಕು ತಿಂಗಳು ನಾಲಿಗೆ ಕಚ್ಚಿಕೊಂಡಿದ್ದೆ. ಗೊತ್ತಿದ್ದೂ ನನ್ನಿಂದ ಸುಳ್ಳು ಹೇಳಿಸಲು ನೋಡಿದೆ. ಆ ಸುಳ್ಳನ್ನು ಈ ಕೂಸಿನ ಹೆಸರಲ್ಲಿ ಕೇಳಿದೆ. ಇದನ್ನು ಕಾಗದದಲ್ಲಿ ಬೈದು ಮುಗಿಸಲು ಆಗುವುದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕಲಬುರಗಿಗೆ ಬರುತ್ತೇನೆ. ಕೂಸನ್ನು ರೈಲಿನಲ್ಲಿ ಕರೆದೊಯ್ಯಬಹುದು ಎಂದು ಡಾಕ್ಟರು ಹೇಳಿದ್ದಾರೆ. ಮೂರು ಗಂಟೆಗೊಮ್ಮೆ ಹಾಲು ಕೊಡಬೇಕಲ್ಲ, ಬಿಟ್ಟು ಬರಲಾಗುವುದಿಲ್ಲ. ಆದರೆ ಈ ಸಲ ನಿನಗೆ ತೋರಿಸುವುದಿಲ್ಲ. ಅವ್ವ ಅವಳನ್ನು ಎತ್ತಿಕೊಂಡು ಗೇಟಿನ ಹೊರಗೆ ಎಲ್ಲಾದರೂ ನೆರಳಲ್ಲಿ ಕೂತಿರುತ್ತಾಳೆ. ಮೊದಲು ಅವ್ವ ಒಳಗೆ ಬಂದು ನಿನ್ನನ್ನು ನೋಡಿಕೊಂಡು ಹೋಗಲಿ, ಅವಳ ಅಳು ಮುಗಿಯಲಿ. ಆಮೇಲೆ ನಾನು.

ಇಪ್ಪತ್ತು ನಿಮಿಷ ಕೊಡುತ್ತಾರಂತೆ. ಅಷ್ಟು ಹೊತ್ತೂ ಮಾತಾಡುವವಳು ನಾನು. ಇಲವಾಲದ ಮನೆಯ ಎರಡು ವರ್ಷದಿಂದ ಶುರುಮಾಡಿ ಒಂದೊಂದೇ ಹೇಳುತ್ತೇನೆ, ಶಿವರಾಮುವಿನದು, ನಿನ್ನದು, ನನ್ನದು. ನೀನು ಎದ್ದು ನಿಲ್ಲಬಾರದು, ಕಂಬಿಗೆ ಕೈ ಬಡಿಯಬಾರದು. ಎರಡೂ ಕೈ ನನಗೆ ಕಾಣುವ ಹಾಗೆ ಇಟ್ಟುಕೊಂಡು ಕೂತು ಕೇಳು.

ಸಂಘಮಿತ್ರ